ಇಂದು ನಗದು, ನಾಳೆ ಕ್ರೆಡಿಟ್!

ಅರಸೀಕೆರೆ ಬಸ್ ಸ್ಟ್ಯಾಂಡಿನಿಂದ ಕಡೂರಿಗೆ ಒಂದು ಗಂಟೆ ದಾರಿ. ತಿಪಟೂರಿಗೆ ಅಷ್ಟೂ ಬೇಡ. ಸಂತೆಗೆ, ಸೀರೆ ಅಂಗಡಿಗೆ, ಆಸ್ಪತ್ರೆಗೆ, ಹೆಣ್ಣು ನೋಡೋದಕ್ಕೆ ಅಂತ ಜನ ದಿನಾ ಈ ಮೂರು ಊರುಗಳ ನಡುವೆ ಓಡಾಡುತ್ತಲೇ ಇರುತ್ತಾರೆ. ಅರಸೀಕೆರೆಯಲ್ಲಿ ತೂಗಿದ ಕೊಬ್ಬರಿ ತಿಪಟೂರು ಮಾರುಕಟ್ಟೆಯಲ್ಲೂ ಕೊಬ್ಬರಿಯೇ. ಅರಸೀಕೆರೆಯಲ್ಲಿ ಒರೆಗೆ ಹಚ್ಚಿದ ಚಿನ್ನ ಕಡೂರಿನಲ್ಲೂ ಚಿನ್ನವೇ. ಆದರೆ ಅರಸೀಕೆರೆ ಕಾಲೇಜಿನಲ್ಲಿ ಓದಿ ಪಾಸು ಮಾಡಿದ ಮೂರು ಸೆಮಿಸ್ಟರು ಮಾತ್ರ ಕಡೂರಿಗೆ ಹೋದರೆ ಅದು ಓದು ಹೌದೋ ಅಲ್ಲವೋ ಅಂತ ಒಂದು ಮಂಡಳಿ ಕೂತು ತೀರ್ಮಾನ ಮಾಡಬೇಕು!

ಸಂಗತಿ ಹೀಗೆ. ಒಬ್ಬ ಕಿರಾಣಿ ಅಂಗಡಿಯವರ ಮಗಳು ಅಂದುಕೊಳ್ಳಿ. ಬಿ.ಕಾಂ. ಓದುತ್ತಿದ್ದಾಳೆ. ಮೂರು ಸೆಮಿಸ್ಟರ್ ಮುಗಿದಿದೆ. ಕಡೂರಿನ ಕಡೆಯ ಒಳ್ಳೇ ಸಂಬಂಧ ಬಂತು, ಮದುವೆ ಆಯಿತು. 'ಓದು ಬಿಡಿಸೋದಿಲ್ಲ, ಇಲ್ಲೇ ಕಾಲೇಜಿಗೆ ಹಾಕ್ತೀವಿ' ಅಂತ ಬೀಗರು ಮಾತು ಕೊಟ್ಟಿದ್ದಾರೆ. ಮಾತಿಗೆ ತಪ್ಪುವವರೂ ಅಲ್ಲ. ಅಪ್ಪ ಟಿ.ಸಿ. ಬಿಡಿಸಿಕೊಂಡು, ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಹಿಡಕೊಂಡು ಹೊಸ ಕಾಲೇಜಿನ ಕಿಟಕಿ ಮುಂದೆ ನಿಲ್ಲುತ್ತಾರೆ. ಅಲ್ಲಿ ನಡೆಯುವ ಮಾತು ಯಾವ ಊರಿನಲ್ಲಾದರೂ ಹೆಚ್ಚುಕಮ್ಮಿ ಒಂದೇ:

'ಸಾರ್, ಮಗಳು ಒಂದೂವರೆ ವರ್ಷ ಓದಿದಾಳೆ. ಎಲ್ಲಾ ಪಾಸು.'

'ಓದಿಲ್ಲ ಅಂತ ಯಾರು ಹೇಳಿದ್ರು ಯಜಮಾನ್ರೇ? ನಮ್ಮ ಯೂನಿವರ್ಸಿಟಿಯಲ್ಲಿ ಓದಿಲ್ಲ, ಅಷ್ಟೆ.'

ಗುಮಾಸ್ತರ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ. ಅವರು ಹೇಳೋದು ನಿಯಮ. ಹಳೇ ವಿ.ವಿ.ಯಿಂದ ಮೈಗ್ರೇಷನ್ ಸರ್ಟಿಫಿಕೇಟ್ ತರಬೇಕು. ಹೊಸ ವಿ.ವಿ.ಯಿಂದ ಅರ್ಹತಾ ಪತ್ರ ಬೇಕು. ಅಲ್ಲಿ ಓದಿದ ಪೇಪರು ಇಲ್ಲಿನ ಪೇಪರಿಗೆ ಸಮ ಅಂತ ಅಧ್ಯಯನ ಮಂಡಳಿಯವರು, ಅಂದರೆ ಬೋರ್ಡ್ ಆಫ್ ಸ್ಟಡೀಸ್‌ನವರು, ಬರೆದುಕೊಡಬೇಕು. ಒಂದೊಂದಕ್ಕೂ ಅರ್ಜಿ, ಒಂದೊಂದಕ್ಕೂ ಶುಲ್ಕ, ಒಂದೊಂದಕ್ಕೂ 'ಬರುವ ವಾರ ಬನ್ನಿ'. ಅಷ್ಟರಲ್ಲಿ ಪ್ರವೇಶದ ಕಡೇ ದಿನಾಂಕ ಮುಗಿದಿರುತ್ತೆ.

ಇದೆಲ್ಲಾ ಹಳೇ ಕಥೆ, ಈಗ ಕ್ರೆಡಿಟ್ ಬ್ಯಾಂಕ್ ಬಂದಿದೆಯಲ್ಲ ಅನ್ನುವವರಿದ್ದಾರೆ. ಬಂದಿರೋದು ನಿಜ. ಆ ಬ್ಯಾಂಕಿನ ವ್ಯವಹಾರ ಎಂಥದ್ದು ಅನ್ನೋದೇ ಇಲ್ಲಿನ ವಿಚಾರ.

ಪಾಸ್‌ಬುಕ್ ಇದೆ, ಚೆಕ್ ನಡೆಯೋದಿಲ್ಲ

ಅಂಗಡಿಯವರಿಗೆ ಕ್ರೆಡಿಟ್ ಅಂದರೆ ಸಾಲ. 'ಇಂದು ನಗದು, ನಾಳೆ ಸಾಲ' ಅಂತ ಬೋರ್ಡು ನೇತುಹಾಕೋದು ಅದಕ್ಕೇ. ಕಾಲೇಜಿನ ಕ್ರೆಡಿಟ್ ಸಾಲವಲ್ಲ, ಜಮಾ. ವಾರಕ್ಕೆ ಒಂದು ಗಂಟೆ ಪಾಠದಂತೆ ಒಂದು ಸೆಮಿಸ್ಟರಿನ ಸುಮಾರು 15 ವಾರ ಕೂತು, ಪರೀಕ್ಷೆಯಲ್ಲಿ ಪಾಸಾದರೆ ಒಂದು ಕ್ರೆಡಿಟ್. ಲ್ಯಾಬ್ ಆದರೆ ವಾರಕ್ಕೆ ಎರಡು ಗಂಟೆ. ಯು.ಜಿ.ಸಿ. ಚೌಕಟ್ಟಿನಲ್ಲಿ ಮೂರು ವರ್ಷದ ಡಿಗ್ರಿಗೆ ಕನಿಷ್ಠ 120 ಕ್ರೆಡಿಟ್, ನಾಲ್ಕು ವರ್ಷದ ಆನರ್ಸಿಗೆ 160. ಈ ಲೆಕ್ಕ ಅಮೆರಿಕದ್ದು. ಅಲ್ಲಿನ ಮಾದರಿಯಲ್ಲಿ ಕಟ್ಟಿದ ಕೃಷಿ ವಿಶ್ವವಿದ್ಯಾಲಯಗಳ ಮೂಲಕ ಭಾರತಕ್ಕೆ ಬಹಳ ಹಿಂದೆಯೇ ಬಂದಿತ್ತು. ಹಾಸನದ ಪಕ್ಕದ ಕಾರೇಕೆರೆ ಕೃಷಿ ಕಾಲೇಜಿನ ಹುಡುಗರಿಗೆ ಕ್ರೆಡಿಟ್ ಅನ್ನೋದು ಹೊಸ ಮಾತೇನಲ್ಲ. ಬಿ.ಎ., ಬಿ.ಕಾಂ. ಹುಡುಗರಿಗೆ ಹೊಸದು.

2021ರ ಜುಲೈ 28ರಂದು ಯು.ಜಿ.ಸಿ. ಒಂದು ನಿಯಮಾವಳಿ ಹೊರಡಿಸಿತು. ಹೆಸರು 'ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್'. ಪ್ರತಿ ವಿದ್ಯಾರ್ಥಿಗೂ 12 ಅಂಕಿಯ ಒಂದು ನಂಬರು. ಆತ ಎಲ್ಲೇ ಓದಲಿ, ಗಳಿಸಿದ ಕ್ರೆಡಿಟ್ಟು ಆ ಖಾತೆಗೆ ಜಮಾ. ಡಿಜಿಲಾಕರ್‌ನಲ್ಲಿ ನೋಡಿಕೊಳ್ಳಬಹುದು. ಜಮಾ ಆದದ್ದು ಹೆಚ್ಚೆಂದರೆ ಏಳು ವರ್ಷ ಬಾಳುತ್ತೆ. ಒಂದು ಡಿಗ್ರಿಗೆ ಖರ್ಚಾದದ್ದು ಖಾತೆಯಿಂದ ವಜಾ, ಅದನ್ನೇ ಇನ್ನೊಂದು ಡಿಗ್ರಿಗೆ ತೋರಿಸುವಂತಿಲ್ಲ. ಸರ್ಕಾರದ 'ಸ್ವಯಂ' ಆನ್‌ಲೈನ್ ಪಾಠದಿಂದಲೂ ಒಂದು ಸೆಮಿಸ್ಟರಿನ ಶೇ. 40ರವರೆಗೆ ಕ್ರೆಡಿಟ್ ಸೇರಿಸಿಕೊಳ್ಳಬಹುದು. ಕೇಳೋದಕ್ಕೆ ಬಹಳ ಚೆನ್ನಾಗಿದೆ. ಮಧ್ಯೆ ಓದು ಬಿಟ್ಟವನು ಮರಳಿ ಬರಬಹುದು, ಊರು ಬಿಟ್ಟವಳು ಇನ್ನೊಂದು ಊರಿನಲ್ಲಿ ಮುಂದುವರಿಸಬಹುದು ಅಂತಲೇ ಅವತ್ತು ಡಂಗೂರ ಹೊಡೆದದ್ದು.

ಈಗ ಸಣ್ಣ ಅಕ್ಷರದಲ್ಲಿ ಇರೋದನ್ನು ಓದಬೇಕು.

ಮೊದಲನೆಯದು, ಈ ಬ್ಯಾಂಕಿಗೆ ಖಾತೆದಾರ ತಾನೇ ಹೋಗಿ ದುಡ್ಡು ಕಟ್ಟುವಂತಿಲ್ಲ. ವಿದ್ಯಾರ್ಥಿ ತಂದ ಯಾವ ಕಾಗದವನ್ನೂ ಬ್ಯಾಂಕ್ ನೇರವಾಗಿ ಮುಟ್ಟೋದಿಲ್ಲ. ಓದಿಸಿದ ಸಂಸ್ಥೆಯೇ ಕಳಿಸಬೇಕು. ಸಂಸ್ಥೆ ಕಳಿಸೋದು ತಡವಾದರೆ ಹುಡುಗನ ಖಾತೆಯಲ್ಲಿ ಸೊನ್ನೆ. ಪಾಸಾಗಿದ್ದಾನೆ, ಮನೆಯಲ್ಲಿ ಸಿಹಿ ಹಂಚಿದ್ದಾರೆ, ಖಾತೆಯಲ್ಲಿ ಸೊನ್ನೆ!

ಎರಡನೆಯದು, ಡಿಗ್ರಿ ಕೊಡುವ ಸಂಸ್ಥೆಯಲ್ಲಿ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಿರಬೇಕು. ಇದರಲ್ಲಿ ತಪ್ಪು ಕಂಡುಹಿಡಿಯೋದಕ್ಕೆ ಏನೂ ಇಲ್ಲ. ಮುದ್ರೆ ಒತ್ತುವವರು ಅರ್ಧವಾದರೂ ಪಾಠ ಮಾಡಿರಬೇಕಲ್ಲ. ಆದರೆ ಆರು ಸೆಮಿಸ್ಟರಿನಲ್ಲಿ ನಾಲ್ಕು ಅಥವಾ ಐದು ಮುಗಿಸಿ ಊರು ಬಿಟ್ಟವಳಿಗೆ ಇದೇ ದೊಡ್ಡ ಗೋಡೆ. ಹೆಚ್ಚು ಓದಿದಷ್ಟೂ ಹೆಚ್ಚು ನಷ್ಟ.

ಮೂರನೆಯದೇ ಮುಖ್ಯ. ಕ್ರೆಡಿಟ್ಟು ಜಮಾ ಇಟ್ಟುಕೊಳ್ಳೋದು ಬ್ಯಾಂಕಿನ ಕೆಲಸ. ಅದನ್ನು ಒಪ್ಪಿಕೊಳ್ಳೋದು ಹೊಸ ಸಂಸ್ಥೆಯ ಇಷ್ಟ. ನಾಲ್ಕು ಕ್ರೆಡಿಟ್ 'ಎಲ್ಲಿಂದಲೋ ಬಂದ' ನಾಲ್ಕು ಕ್ರೆಡಿಟ್ ಅಲ್ಲ. ಅದು ಇಂಥ ಪೇಪರಿನ ನಾಲ್ಕು ಕ್ರೆಡಿಟ್. ಆ ಪೇಪರು ಇಲ್ಲಿ ಇದೆಯೋ ಇಲ್ಲವೋ, ಇದ್ದರೆ ಯಾವ ಸೆಮಿಸ್ಟರಿಗೆ ಇದೆ, ಇಂಟರ್ನಲ್ ಮಾರ್ಕ್ಸ್ ಎಷ್ಟು, ಎಲ್ಲಾ ನೋಡಬೇಕು. ಕಾರ್ಪೊರೇಟ್ ಅಕೌಂಟಿಂಗ್ ಒಂದು ಕಡೆ ಮೂರನೇ ಸೆಮಿಸ್ಟರಿಗಿದ್ದು ಇನ್ನೊಂದು ಕಡೆ ನಾಲ್ಕನೆಯದಕ್ಕಿದ್ದರೆ, ಹುಡುಗಿ ಓದಿದ್ದನ್ನೇ ಮತ್ತೆ ಓದಬೇಕು, ಓದದೆ ಇರೋದನ್ನು ಹಿಂದಿನ ಬಾಕಿ ಅಂತ ಬರೆಯಬೇಕು. ಕೆಲವು ಸಲ ಇದಕ್ಕಿಂತ ಮೊದಲನೇ ವರ್ಷದಿಂದ ಸೇರೋದೇ ಸುಲಭ ಅಂತ ಅವರೇ ತೀರ್ಮಾನ ಮಾಡಿಕೊಳ್ಳುತ್ತಾರೆ. ಇಲ್ಲ, ಓದೇ ಬಿಡುತ್ತಾರೆ.

ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ಹುಡುಗಿ ಅರಸೀಕೆರೆಯಿಂದ ಕಡೂರಿಗೆ ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಹೋಗಬಹುದಾಯಿತು. ಅವಳ ಕ್ರೆಡಿಟ್ಟಿಗೆ ಯಾವ ಬಸ್ಸೂ ಇಲ್ಲ.

ಹತ್ತಿರ ಬಂತು, ದೂರ ಆಯಿತು

1970ರ ದಶಕದಲ್ಲಿ ಇದೇ ಹುಡುಗಿಯ ಅಜ್ಜಿಯೋ ಸೋದರತ್ತೆಯೋ ಅರಸೀಕೆರೆಯಿಂದ ಕಡೂರಿಗೆ ಮದುವೆಯಾಗಿ ಹೋಗಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ. ಆಗ ಎರಡೂ ಕಡೆ ಮೈಸೂರು ಯೂನಿವರ್ಸಿಟಿ. 1916ರಲ್ಲಿ ಹುಟ್ಟಿದ ಆ ವಿಶ್ವವಿದ್ಯಾಲಯದ ಸೀಮೆ ಒಂದು ಕಾಲಕ್ಕೆ ಕರಾವಳಿಯವರೆಗೂ ಹಬ್ಬಿತ್ತು. 1980ರಲ್ಲಿ ಮಂಗಳೂರು ವಿ.ವಿ. ಬೇರೆಯಾಯಿತು. 1987ರಲ್ಲಿ ಕುವೆಂಪು ವಿ.ವಿ. ಬಂದು ಶಿವಮೊಗ್ಗ, ಚಿಕ್ಕಮಗಳೂರು ಅಲ್ಲಿಗೆ ಹೋದವು. ತಿಪಟೂರಿನ ಕಡೆ ಬೆಂಗಳೂರು ವಿ.ವಿ. ಇದ್ದದ್ದು 2004ರಲ್ಲಿ ತುಮಕೂರು ವಿ.ವಿ. ಆಯಿತು. ಹಾಸನ, ಮಂಡ್ಯ, ಚಾಮರಾಜನಗರ ಮಾತ್ರ ಮೈಸೂರಿನ ಜೊತೆಗೇ ಉಳಿದಿದ್ದವು. ಅವೂ ಒಂದೊಂದಾಗಿ ಪಾಲಾದವು. 2022ರ ಕಾಯ್ದೆ ತಿದ್ದುಪಡಿಯಲ್ಲಿ ಹಾಸನ, ಚಾಮರಾಜನಗರ, ಕೊಡಗು, ಹಾವೇರಿ, ಕೊಪ್ಪಳ, ಬಾಗಲಕೋಟೆ, ಬೀದರ್ ಹೀಗೆ ಜಿಲ್ಲೆಗೊಂದು ವಿ.ವಿ. ಹುಟ್ಟಿತು.

ಜಿಲ್ಲೆಗೊಂದು ವಿ.ವಿ. ಬಂದರೆ ಹಳ್ಳಿ ಮಕ್ಕಳಿಗೆ ಅನುಕೂಲ ಅಂದರು. ಒಂದು ಲೆಕ್ಕಕ್ಕೆ ಸರಿ. ಮಾರ್ಕ್ಸ್ ಕಾರ್ಡಿನ ತಪ್ಪು ತಿದ್ದಿಸೋದಕ್ಕೆ ಮೈಸೂರಿಗೆ ಹೋಗಿ ಲಾಡ್ಜಿನಲ್ಲಿ ಮಲಗುವುದು ತಪ್ಪಿತು. ಆದರೆ ಮನೆ ಪಾಲಾದ ಹಾಗೆ ಪ್ರತಿಯೊಬ್ಬರೂ ಬೇರೆ ಒಲೆ ಹೂಡಿದರು. ಪ್ರತಿ ವಿ.ವಿ.ಗೂ ತನ್ನದೇ ಅಧ್ಯಯನ ಮಂಡಳಿ, ತನ್ನದೇ ಪರೀಕ್ಷೆಯ ವೇಳಾಪಟ್ಟಿ, ತನ್ನದೇ ಫಲಿತಾಂಶದ ತಡ. ಒಂದು ವಿ.ವಿ. ಮೂರನೇ ಸೆಮಿಸ್ಟರಿನ ಫಲಿತಾಂಶ ಕೊಡುವ ಹೊತ್ತಿಗೆ ಪಕ್ಕದ್ದು ನಾಲ್ಕನೆಯದರ ಅರ್ಧ ಪಾಠ ಮುಗಿಸಿರುತ್ತೆ. ಹಾಸನ ಜಿಲ್ಲೆಯಿಂದ ಯಾವ ದಿಕ್ಕಿಗೆ ಬಸ್ಸು ಹತ್ತಿದರೂ ಎರಡು ಗಂಟೆಯೊಳಗೆ ಇನ್ನೊಂದು ವಿ.ವಿ.ಯ ಗಡಿ. ಹಿಂದೆ ಮಂಡ್ಯಕ್ಕೆ ಹೋದರೆ ಬರೀ ಕಾಲೇಜು ಬದಲಾವಣೆ ಆಗುತ್ತಿತ್ತು, ಟಿ.ಸಿ. ಒಂದಿದ್ದರೆ ಸಾಕಿತ್ತು.

ಇಷ್ಟರ ಮೇಲೆ, 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಈ ಹೊಸ ವಿ.ವಿ.ಗಳಲ್ಲಿ ಒಂಬತ್ತನ್ನು ಮುಚ್ಚುವ ಮಾತು ಎತ್ತಿತು. ಹಾಸನದ ಹೆಸರೂ ಅದರಲ್ಲಿತ್ತು. ದುಡ್ಡಿಲ್ಲ, ಜಾಗವಿಲ್ಲ, ಸಿಬ್ಬಂದಿಯಿಲ್ಲ ಅನ್ನೋದು ಕಾರಣ. ಅಲ್ಲಲ್ಲಿ ಹುಡುಗರು ಬೀದಿಗಿಳಿದರು. ವಿ.ವಿ. ಇರಬೇಕೋ ಬೇಡವೋ ಅನ್ನುವ ಜಗಳದಲ್ಲಿ ಎರಡು ಕಡೆಗೂ ವಾದ ಇದೆ. ಆದರೆ ಮುದ್ರೆ ಬದಲಾದಾಗ ನಡು ಕೋರ್ಸಿನಲ್ಲಿರುವವರ ಕ್ರೆಡಿಟ್ಟು ಯಾವ ಲೆಕ್ಕದಲ್ಲಿ ಹೋಗುತ್ತೆ ಅನ್ನುವ ಪ್ರಶ್ನೆ ಆ ಗಲಾಟೆಯಲ್ಲಿ ಮೇಲೆ ಬರಲೇ ಇಲ್ಲ. ಭಾಷಣ ಮಾಡಿದವರೆಲ್ಲಾ ಕಟ್ಟಡದ ಬಗ್ಗೆ ಮಾಡಿದರು.

ಊರು ಬದಲಿಸದಿದ್ದರೂ

ಸರಿ, ಊರು ಬಿಟ್ಟು ಹೋಗುವವರ ಪಾಡು ಹೀಗಾಯಿತು. ಊರಲ್ಲೇ ಇರುವವರಿಗೆ? ಅವರಿಗೂ ಒಂದು ಪಾಡು ಇದೆ.

ಅಪ್ಪನಿಗೆ ಹುಷಾರಿಲ್ಲದೆ ಅಂಗಡಿ ನೋಡಿಕೊಳ್ಳೋದಕ್ಕೆ ಅಂತ ಎರಡು ವರ್ಷದ ಡಿಗ್ರಿ ಮುಗಿಸಿ ಬಿಟ್ಟ ಹುಡುಗ ಅಂದುಕೊಳ್ಳಿ. ಅವನು ಸೇರಿದ್ದು 2021-22ರಲ್ಲಿ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲಿ ಎಲ್ಲರಿಗಿಂತ ಮೊದಲು ಜಾರಿಗೆ ತಂದದ್ದು ತಾನೇ ಅಂತ ಕರ್ನಾಟಕ ಎದೆ ತಟ್ಟಿಕೊಂಡ ವರ್ಷ ಅದು. ನಾಲ್ಕು ವರ್ಷದ ಡಿಗ್ರಿ, ಎರಡು ಮುಖ್ಯ ವಿಷಯ, ಜೊತೆಗೆ ಓಪನ್ ಎಲೆಕ್ಟಿವ್. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಬಿಟ್ಟರೆ ಡಿಪ್ಲೊಮಾ, ಯಾವಾಗ ಬೇಕಾದರೂ ಬನ್ನಿ, ಬಾಗಿಲು ತೆಗೆದಿರುತ್ತೆ ಅಂತ ಮಾತು ಕೊಟ್ಟಿದ್ದು. ನಂತರ ಸರ್ಕಾರ ಬದಲಾಯಿತು. ಪ್ರೊ. ಸುಖದೇವ್ ಥೋರಟ್ ಆಯೋಗ ಮಧ್ಯಂತರ ವರದಿ ಕೊಟ್ಟಿತು. 2024ರ ಮೇ ತಿಂಗಳ ಆದೇಶದಲ್ಲಿ, 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿ, ಬಿ.ಎ., ಬಿ.ಎಸ್ಸಿ.ಗೆ ಮತ್ತೆ ಮೂರು ವಿಷಯಗಳ ಪದ್ಧತಿ.

ಯಾವ ನೀತಿ ಒಳ್ಳೇದು ಅಂತ ಇಲ್ಲಿ ಪಂಚಾಯಿತಿ ಬೇಡ. ನಾಲ್ಕು ವರ್ಷ ಮಕ್ಕಳನ್ನು ಕೂರಿಸೋದು ಬಡವರಿಗೆ ಭಾರ ಅನ್ನುವ ಮಾತಿನಲ್ಲಿ ತೂಕ ಇತ್ತು. ಆದರೆ ಎರಡು ವಿಷಯ ಓದಿ ಬಿಟ್ಟುಹೋದವನು ಮೂರು ವಿಷಯದ ತರಗತಿಗೆ ಮರಳಿ ಬಂದರೆ ಎಲ್ಲಿ ಕೂರಿಸಬೇಕು? ಮೂರನೇ ವಿಷಯದ ನಾಲ್ಕು ಸೆಮಿಸ್ಟರನ್ನು ಅವನು ಯಾವಾಗ ಓದಬೇಕು? ಅವನು ಓದಿದ ಓಪನ್ ಎಲೆಕ್ಟಿವ್ ಯಾವ ಖಾನೆಗೆ? ಅದೇ ಕಾಲೇಜು, ಅದೇ ಬೆಂಚು, ಅದೇ ಮೇಷ್ಟ್ರು. ಆದರೂ ಅವನ ಕ್ರೆಡಿಟ್ಟು ಪರದೇಶದ ನಾಣ್ಯ. ಕೇಂದ್ರದ ಬ್ಯಾಂಕು ಏಳು ವರ್ಷ ಬಾಳುತ್ತೆ ಅಂದ ನೋಟನ್ನು ರಾಜ್ಯದ ನೀತಿ ಮೂರೇ ವರ್ಷಕ್ಕೆ ಸವೆಸಿತು.

ವಿ.ವಿ.ಗಳ ಕಡೆಯೂ ನ್ಯಾಯ ಇಲ್ಲದೇ ಇಲ್ಲ. ಕಂಡವರ ಮಾರ್ಕ್ಸ್ ಕಾರ್ಡಿಗೆಲ್ಲ ಬಾಗಿಲು ತೆರೆದು ಆಮೇಲೆ ಅದು ನಕಲಿ ಅಂತಾದರೆ ಹೆಸರು ಕೆಡೋದು ಅವರದ್ದೇ. ಎಲ್ಲೋ ಸಲೀಸಾಗಿ ಅಂಕ ಹಂಚುವ ಕಡೆ ಮೊದಲ ವರ್ಷ ಮುಗಿಸಿ ಇಲ್ಲಿ ಬಂದು ಮುದ್ರೆ ಒತ್ತಿಸಿಕೊಳ್ಳುವ ಚಾಲಾಕಿಗಳೂ ಇರುತ್ತಾರೆ. ನಕಲಿ ಕಾರ್ಡಿನ ಭಯಕ್ಕೆ ಈ ಕ್ರೆಡಿಟ್ ಬ್ಯಾಂಕು ಒಳ್ಳೇ ಮದ್ದು, ಏಕೆಂದರೆ ದಾಖಲೆ ಬರೋದು ಸಂಸ್ಥೆಯಿಂದ, ವಿದ್ಯಾರ್ಥಿಯ ಜೇಬಿನಿಂದಲ್ಲ. ಗುಣಮಟ್ಟದ ಅನುಮಾನಕ್ಕೆ ಮಾತ್ರ ಅದರಲ್ಲಿ ಮದ್ದಿಲ್ಲ.

ನಡೆಯುವ ಕಡೆ ನಡೆದಿದೆ

ಹಾಗಾದರೆ ಇದು ಆಗದ ಕೆಲಸವೇ? ಹಾಗೂ ಹೇಳುವಂತಿಲ್ಲ. 'ಕ್ರೆಡಿಟ್ ವರ್ಗಾವಣೆ' ಅನ್ನುವ ದೊಡ್ಡ ಹೆಸರಿಲ್ಲದೇ ಇದೇ ರಾಜ್ಯದಲ್ಲಿ ವರ್ಷಾನುಗಟ್ಟಲೆಯಿಂದ ನಡೆದುಬಂದ ವ್ಯವಸ್ಥೆ ಒಂದಿದೆ. ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮುಗಿಸಿದ ಹುಡುಗ ಡಿ.ಸಿ.ಇ.ಟಿ. ಬರೆದು ನೇರವಾಗಿ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರುತ್ತಾನೆ. ಅವನ ಡಿಪ್ಲೊಮಾದ ಒಂದೊಂದು ಪೇಪರನ್ನೂ ಹರವಿಕೊಂಡು ಯಾರೂ ತೂಗಿ ನೋಡೋದಿಲ್ಲ. ಗಣಿತದಲ್ಲಿ ಈ ಹುಡುಗರು ಹಿಂದೆ ಬೀಳುತ್ತಾರೆ ಅಂತ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿ.ವಿ. ಕಂಡುಕೊಂಡು, ಮೂರನೇ ಮತ್ತು ನಾಲ್ಕನೇ ಸೆಮಿಸ್ಟರಿನಲ್ಲಿ ಅವರಿಗೆಂದೇ ಹೆಚ್ಚಿನ ಗಣಿತದ ಪೇಪರು ಇಟ್ಟಿತು. ಪಾಸಾಗಲೇಬೇಕು, ಆದರೆ ಕ್ರೆಡಿಟ್ ಲೆಕ್ಕಕ್ಕಿಲ್ಲ. ಐ.ಟಿ.ಐ. ಮುಗಿಸಿದವರು ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರೋದೂ ಹೀಗೇ.

ಇಲ್ಲಿ ನಡೆಯೋದು ಅಲ್ಲಿ ಯಾಕೆ ನಡೆಯೋದಿಲ್ಲ? ವ್ಯತ್ಯಾಸ ಒಂದೇ. ಡಿಪ್ಲೊಮಾ ಹುಡುಗನ ವಿಷಯದಲ್ಲಿ ತೀರ್ಮಾನ ಒಂದೇ ಸಲ ಆಗಿದೆ, ಎಲ್ಲರಿಗೂ ಸೇರಿ ಆಗಿದೆ, ಬರಹದಲ್ಲಿದೆ. ಕೊರತೆ ಎಲ್ಲಿದೆಯೋ ಅದಕ್ಕೆ ಮಾತ್ರ ತೇಪೆ ಹಾಕಿದ್ದಾರೆ. ಬಿ.ಕಾಂ. ಹುಡುಗಿಯ ವಿಷಯದಲ್ಲಿ ಪ್ರತಿಯೊಬ್ಬಳಿಗೂ ಹೊಸದಾಗಿ ಕಡತ ತೆರೆಯಬೇಕು, ಪ್ರತಿ ಸಲವೂ ಮಂಡಳಿಯ ಅಧ್ಯಕ್ಷರು ಊರಲ್ಲಿರಬೇಕು. ರೇಷನ್ ಅಂಗಡಿಯಲ್ಲಿ ಪ್ರತಿ ಕಾರ್ಡಿಗೂ ಇವರಿಗೆ ಅಕ್ಕಿ ಕೊಡಬಹುದೇ ಅಂತ ಬೆಂಗಳೂರಿಗೆ ಬರೆದು ಕೇಳಿದರೆ ಸಾಲು ಎಲ್ಲಿಗೆ ಮುಟ್ಟುತ್ತೆ?

ಹಾಗೆ ಒಂದೇ ಸಲ ತೀರ್ಮಾನ ಮಾಡೋದಕ್ಕೆ ಬೇಕಾದ ಸಾಮಾನೆಲ್ಲಾ ಸರ್ಕಾರದ ಕೈಯಲ್ಲೇ ಇದೆ. ಸಾಂಪ್ರದಾಯಿಕ ವಿ.ವಿ.ಗಳಿಗೆಲ್ಲ 2000ದ ಒಂದೇ ರಾಜ್ಯ ವಿಶ್ವವಿದ್ಯಾಲಯ ಕಾಯ್ದೆ. ಮೇಲೆ ಉನ್ನತ ಶಿಕ್ಷಣ ಪರಿಷತ್ತು ಇದೆ. 2021ರಲ್ಲಿ ಇದೇ ಪರಿಷತ್ತು ರಾಜ್ಯಕ್ಕೆಲ್ಲ ಮಾದರಿ ಪಠ್ಯಕ್ರಮ ಮಾಡಿ ಹಂಚಿತ್ತು. ಪ್ರವೇಶ, ಪರೀಕ್ಷೆ, ಫಲಿತಾಂಶ ಎಲ್ಲಾ ಒಂದೇ ಕಡೆ ಸೇರಲಿ ಅಂತ ಯು.ಯು.ಸಿ.ಎಂ.ಎಸ್. ಅನ್ನುವ ಕಂಪ್ಯೂಟರ್ ವ್ಯವಸ್ಥೆ ತಂದದ್ದೂ 2021-22ರಲ್ಲೇ. ಹುಡುಗರು ಅದನ್ನು ಬೈದುಕೊಂಡರು, ಆ ಮಾತು ಬೇರೆ. ಇಷ್ಟೆಲ್ಲಾ ಇದ್ದು, ಈ ವಿ.ವಿ.ಯ ಬಿ.ಕಾಂ. ಮೂರನೇ ಸೆಮಿಸ್ಟರ್ ಆ ವಿ.ವಿ.ಯ ಮೂರನೇ ಸೆಮಿಸ್ಟರಿಗೆ ಸಮ, ಇಂತಿಂಥ ಪೇಪರು ಮಾತ್ರ ಬಾಕಿ ಅಂತ ಒಂದು ಪಟ್ಟಿ ಅಚ್ಚು ಹಾಕಿಸಿ ಕಾಲೇಜಿನ ನೋಟೀಸ್ ಬೋರ್ಡಿಗೆ ಅಂಟಿಸೋದು ದೊಡ್ಡ ಕೆಲಸವಲ್ಲ. ಬಸ್ ಸ್ಟ್ಯಾಂಡಿನ ದರಪಟ್ಟಿಯಷ್ಟು ಸರಳವಾಗಿ ಬರೆದರೆ ಸಾಕು. ಇದಕ್ಕೆ ಹೊಸ ಕಟ್ಟಡ ಬೇಡ, ಗುದ್ದಲಿ ಪೂಜೆ ಬೇಡ. ಬಹುಶಃ ಅದಕ್ಕೇ ಯಾರಿಗೂ ಆಸಕ್ತಿ ಇಲ್ಲ!

ಅಲ್ಲಿಯವರೆಗೆ ತಂದೆತಾಯಿಗಳು ಮಾಡಿಕೊಳ್ಳಬೇಕಾದ ಎಚ್ಚರಿಕೆ ಇಷ್ಟಿದೆ. ಹೊಸ ಕಾಲೇಜಿನವರು 'ಆಗುತ್ತೆ ಬನ್ನಿ' ಅಂದ ಮಾತ್ರಕ್ಕೆ ಹಳೇ ಕಾಲೇಜಿನಲ್ಲಿ ಟಿ.ಸಿ. ಬಿಡಿಸಬಾರದು. ಟಿ.ಸಿ. ಕೈಗೆ ಬಂದ ಕ್ಷಣವೇ ಹುಡುಗಿ ಅಲ್ಲಿಯವಳಲ್ಲ. ಸಮಾನತೆ ಪತ್ರ ಬರುವವರೆಗೆ ಇಲ್ಲಿಯವಳೂ ಅಲ್ಲ. ಯಾವ ಯಾವ ಪೇಪರು ಒಪ್ಪಿದ್ದಾರೆ, ಯಾವುದು ಬಾಕಿ ಬರೆಯಬೇಕು ಅನ್ನೋದನ್ನು ಹೊಸ ವಿ.ವಿ.ಯಿಂದಲೇ ಬರಹದಲ್ಲಿ ಪಡೆಯಬೇಕು, ಕಾಲೇಜಿನ ಬಾಯಿಮಾತಿನಲ್ಲಲ್ಲ. ಅರ್ಜಿಯ ಜೊತೆ ಮಾರ್ಕ್ಸ್ ಕಾರ್ಡು ಮಾತ್ರ ಸಾಲದು, ಓದಿದ ಪಠ್ಯಕ್ರಮದ ಪ್ರತಿಗೆ ಹಳೇ ಪ್ರಿನ್ಸಿಪಾಲರ ಸಹಿ ಹಾಕಿಸಿ ಇಟ್ಟುಕೊಂಡರೆ ಅರ್ಧ ಅಲೆದಾಟ ಉಳಿಯುತ್ತೆ. ಡಿಜಿಲಾಕರ್ ತೆರೆದು ಕ್ರೆಡಿಟ್ ಖಾತೆಯಲ್ಲಿ ನಿಜವಾಗಿ ಜಮಾ ಆಗಿದೆಯೇ ಅಂತ ಊರು ಬಿಡುವ ಮುಂಚೆ ನೋಡಬೇಕು. ಆಗಿಲ್ಲದಿದ್ದರೆ ಹಳೇ ಕಾಲೇಜಿನ ಕಚೇರಿ ಹತ್ತಿರವಿರುವಾಗಲೇ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಸೆಮಿಸ್ಟರಿನ ನಡುವೆ ಬಿಡೋದಕ್ಕಿಂತ ವರ್ಷ ಮುಗಿಸಿ ಬಿಡೋದು ಲೇಸು. ಮದುವೆ ಮುಹೂರ್ತ ನೋಡುವಾಗ ಪಂಚಾಂಗದ ಜೊತೆ ಪರೀಕ್ಷೆಯ ವೇಳಾಪಟ್ಟಿಯನ್ನೂ ಇಟ್ಟುಕೊಂಡು ಕೂತರೆ ನಗುವವರು ನಗಲಿ.

ಯು.ಜಿ.ಸಿ.ಯ ಬ್ಯಾಂಕಿನಲ್ಲಿ 2021-22ರಲ್ಲಿ ಜಮಾ ಆದ ಮೊದಲ ಕ್ರೆಡಿಟ್ಟುಗಳಿಗೆ 2028-29ಕ್ಕೆ ಏಳು ವರ್ಷ ತುಂಬುತ್ತೆ. ಆ ವರ್ಷ ಸೇರಿ, ಮಧ್ಯೆ ಬಿಟ್ಟು, ಈಗ ಅಂಗಡಿಯಲ್ಲೋ ಗಾರ್ಮೆಂಟ್ಸಿನಲ್ಲೋ ಗಂಡನ ಮನೆಯಲ್ಲೋ ಇರುವವರು ಮರಳಿ ಬರಬೇಕಾದರೆ ಅಷ್ಟರೊಳಗೇ ಬರಬೇಕು.